ಎರಡನೆಯ ವಾಲ್ವು

ಟ್ರಾನ್ಸ್‌ಮಿಟರಿನ ಮುಚ್ಚಳ ಎತ್ತಿದ್ದೇ ತಡ, ಇಲಿ ಉಚ್ಚೆಯ ನಾತ ಗಪ್ಪನೆ ಮುಖಕ್ಕೆ ಹೊಡೆಯಿತು.

"ಥೂ! ಥೂ ಇದರ!" ಗುಡುಗು ಮುಚ್ಚಳವನ್ನು ಅಲ್ಲೇ ಕುಕ್ಕಿ, ಕಿಟಕಿಗೆ ಹೋಗಿ ಉಗಿದು ಬಂದ. "ಇದೇನು ರೇಡಿಯೋನೋ ಕಕ್ಕಸೋ? ಮೂಗು ಸತ್ತೋಗಿದೆಯೇನಯ್ಯ ಗಂಡ ಹೆಂಡತಿ ಇಬ್ಬರಿಗೂ?"

"ಮೊನ್ನೆಯಿಂದ ಫ್ಯೂಸ್ ಹಾರ್ತಾ ಇದೆ," ಎಂದ ಕುರ್ಚಿಯಲ್ಲಿ ಕೋಲು ಊರಿ ಕೂತಿದ್ದ ಗೆಳೆಯ. "ಮೂರು ಹಾಕಿದೆ, ಮೂರೂ ಹೋಯ್ತು."

"ಹೋಗದೆ ಇನ್ನೇನಾಗುತ್ತೆ? ಎಂಟುನೂರು ವೋಲ್ಟ್ ಓಡಾಡೋ ಜಾಗದಲ್ಲಿ ಬಾಣಂತಿ ಕೋಣೆ ಮಾಡ್ಕೊಂಡಿದೆ ಇಲಿ."

ಗುಡುಗು ಎಂಬುದು ಅವನ ಹೆಸರಲ್ಲ. ಭಾನುವಾರ ಬೆಳಗ್ಗೆ ಎಂಟಕ್ಕೆ ಹವ್ಯಾಸಿ ರೇಡಿಯೋದವರ ಕೂಟವೊಂದು ಗಾಳಿಯಲ್ಲೇ ಸೇರುತ್ತದೆ. ಹದಿನೈದು ಇಪ್ಪತ್ತು ಜನ, ಒಬ್ಬೊಬ್ಬರದು ಒಂದೊಂದು ಊರು, ಎಷ್ಟೋ ಜನ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಅವರಲ್ಲೆಲ್ಲ ಜೋರಾಗಿ ಕೇಳುವುದು ಇವನ ದನಿ, ಅದಕ್ಕೇ ಗುಡುಗು. ನಲವತ್ತು ವರ್ಷ ರೇಡಿಯೋ ರಿಪೇರಿ ಅಂಗಡಿ ನಡೆಸಿದವನು. ಎದುರಿಗೆ ಕೂತು ಮಾತಾಡಿದರೂ ಅವನದು ಅದೇ ಗಂಟಲು. ಕುರ್ಚಿಯಲ್ಲಿದ್ದವನು ಬಾವಿ. ಹನ್ನೆರಡು ವರ್ಷದಿಂದ ಅವನ ದನಿ ಯಾವುದೋ ಹಾಳುಬಾವಿಯ ತಳದಿಂದ ಬಂದ ಹಾಗೆ ಕೇಳುತ್ತಿತ್ತು, ಅರ್ಧ ಮಾತು ದಾರಿಯಲ್ಲೇ ಸತ್ತುಹೋಗುತ್ತಿತ್ತು. ಆ ಹೆಸರಿಟ್ಟವನೂ ಗುಡುಗೇ. ಅವನ ಮನೆ ಎರಡೇ ಬೀದಿ ಆಚೆ, ಹಾಗಾಗಿ ಅವನೊಬ್ಬನಿಗೆ ಬಾವಿಯ ಮಾತು ಸ್ಪಷ್ಟ. ಅದನ್ನು ಮಿಕ್ಕವರಿಗೆ ದಾಟಿಸುವ ಕೆಲಸವೂ ಅವನದೇ. ದಾಟಿಸುವವನು ಕೇಳಿದ್ದನ್ನು ಕೇಳಿದ ಹಾಗೇ ಹೇಳಬೇಕು. ಒಂದು ಮಾತು ಕೂಡಿಸಬಾರದು, ಒಂದು ಮಾತು ಬಿಡಬಾರದು. ಕೂಟದಲ್ಲಿ ಅದು ಕಟ್ಟುನಿಟ್ಟು. ಗುಡುಗು ಮಾತ್ರ ಕೊನೆಗೊಂದು ಬಾಲ ಅಂಟಿಸದೆ ಬಿಟ್ಟವನಲ್ಲ. "ಬಾವಿಯಿಂದ ಒಂದು ಬಿಂದಿಗೆ ಮಾತು ಸೇದಿದ್ದೀನಿ, ಹಂಚ್ಕೊಳ್ರಪ್ಪಾ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಬಾವಿಯೂ ನಗುತ್ತಿದ್ದ, ಅದು ಮಿಕ್ಕವರಿಗೆ ಕೇಳಿಸುತ್ತಿರಲಿಲ್ಲ.

"ನಾಳೆ ಒಂದು ದಿನ ನಡೆದ್ರೆ ಸಾಕು ಕಣೋ," ಎಂದ ಬಾವಿ. "ಸೋಮವಾರ ಮನೆ ಖಾಲಿ. ಆ ಹೊಸ ಮನೆಯವನು ಮಾಳಿಗೆ ಮೇಲೆ ಏರಿಯಲ್ ಅಂತ ಒಂದು ತಂತೀನೂ ಕಟ್ಟೋ ಹಾಗಿಲ್ಲ ಅಂದುಬಿಟ್ಟ. ನೆಲಮಹಡಿ ಅಂತ ಒಪ್ಕೊಂಡ್ವಿ, ನನ್ನ ಈ ಸೊಂಟಕ್ಕೆ ಮೆಟ್ಟಿಲು ಆಗಲ್ವಲ್ಲ. ನಾಳೆ ನನ್ನ ಬಾಯಲ್ಲೇ ಹೋಗ್ಬರ್ತೀನಿ ಅಂತ ಹೇಳಿ ಮುಗಿಸ್ಬೇಕು. ಅದನ್ನೂ ನೀನು ದಾಟಿಸೋ ಹಾಗಾಗಬಾರದು."

"ಹಾಗೆ ಆಗೋಕೆ ನಾನು ಬಿಟ್ರೆ ತಾನೆ," ಎಂದ ಗುಡುಗು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತ.

ಕೊನೆಯ ಹಂತದ, ಗಾಜಿನ ಬುರುಡೆಯಂಥ ಎರಡು ದೊಡ್ಡ ವಾಲ್ವುಗಳಿಗೆ ತಗಡಿನದೇ ಒಂದು ಖಾನೆ. ದನಿಗೆ ಬಲ ತುಂಬಿ ಮಾಳಿಗೆ ಮೇಲಿನ ಏರಿಯಲ್ ತಂತಿಗೆ ಅಟ್ಟುವುದು ಆ ಎರಡೇ. ಅವುಗಳ ನಡುವೆ, ಬುಡದಲ್ಲಿ, ಎಲ್ಲ ಕಡೆ ಹರಿದ ಕಾಗದ, ಹತ್ತಿ, ಕರಿ ಹಿಕ್ಕೆ. ಗುಡುಗು ಮೊದಲು ಮರದ ಕೋಲಿಗೆ ಕಟ್ಟಿದ ತಂತಿಯನ್ನು ಮುಟ್ಟಿಸಿ ಒಳಗೆ ಉಳಿದ ಕರೆಂಟನ್ನೆಲ್ಲ ನೆಲಕ್ಕೆ ಇಳಿಸಿದ. ಆಮೇಲೆ ಇಕ್ಕಳ ಹಾಕಿ ಎಳೆದರೆ, ಗೂಡಿನ ಜತೆಗೇ ಇಲಿಯೂ ಬಂತು. ಸತ್ತು ವಾರವಾಗಿರಬೇಕು. ಮೈ ಸೀದು ಹಲಗೆಯಾಗಿತ್ತು, ಹಲ್ಲು ಕಿರಿದಿತ್ತು, ಬಾಲ ತಗಡಿಗೆ ಅಂಟಿಕೊಂಡಿತ್ತು. ಬಾಲವನ್ನು ಬೇರೆಯಾಗಿ ಕಿತ್ತು ತೆಗೆಯಬೇಕಾಯಿತು. ಬಾವಿಯ ಹೆಂಡತಿ ಮೂಗಿಗೆ ಸೆರಗು ಒತ್ತಿಕೊಂಡು ಹಳೆ ಪೇಪರು ಹಿಡಿದಳು.

"ಇದನ್ನ ಇಷ್ಟು ದಿನ ಇಟ್ಕೊಂಡು ಅದೇ ರೂಮಲ್ಲಿ ಊಟ ಮಾಡಿದೀರಲ್ಲ ಅತ್ತಿಗೆ, ನಿಮಗೆ ಕೈ ಮುಗೀಬೇಕು!"

"ನಿಮ್ಮ ಗೆಳೆಯರಿಗೆ ಆ ಡಬ್ಬಿ ಮುಂದೆ ಕೂತ್ರೆ ಮೂಗೂ ಇಲ್ಲ, ಕಿವೀನೂ ಇಲ್ಲ. ನಾನು ಸತ್ತು ನಾರಿದ್ರೂ ಹೀಗೇ ಕೂತಿರ್ತಾರೆ," ಎಂದು ಅವಳು ಪೊಟ್ಟಣ ಹಿಡಿದುಕೊಂಡು ಹೊರಗೆ ಹೋದಳು.

ಸ್ಪಿರಿಟ್ ಹಾಕಿ ಉಜ್ಜಿ, ಹೊಸ ಫ್ಯೂಸ್ ಹಾಕಿ ಸ್ವಿಚ್ಚು ಒತ್ತಿದಾಗ ಫ್ಯೂಸ್ ನಿಂತಿತು. ವಾಲ್ವುಗಳೆರಡೂ ನಿಧಾನಕ್ಕೆ ಕೆಂಪಗೆ ಬೆಳಗಿದವು. ಮೀಟರಿನ ಮುಳ್ಳು ಏರಿ, ಗಾಜಿನ ಮೇಲಿನ ಪೆನ್ಸಿಲ್ ಚುಕ್ಕಿಗೆ ಬಂದು ನಿಂತಿತು. ಬಾವಿ ಕೋಲು ಎತ್ತಿ ತೋರಿಸಿದ. "ಬಂತಲ್ಲ! ಸರಿಯಾಗಿ ಚುಕ್ಕೀಗೇ ಬಂತು. ಸಾಕಪ್ಪ, ಮೊದಲು ಎಷ್ಟು ಬರ್ತಿತ್ತೋ ಅಷ್ಟು ಬಂತು."

ಇಲ್ಲಿಗೆ ಬಿಟ್ಟು ಎದ್ದಿದ್ದರೆ ಆಗುತ್ತಿತ್ತು. ಆದರೆ ಗುಡುಗು ಅಷ್ಟಕ್ಕೆ ಏಳುವ ಆಸಾಮಿಯಲ್ಲ. ಏರಿಯಲ್ ತಂತಿ ಬಿಚ್ಚಿ ಆ ಜಾಗಕ್ಕೆ ನೂರು ವ್ಯಾಟಿನ ಬಲ್ಬೊಂದನ್ನು ಸಿಕ್ಕಿಸಿದ. ಟ್ರಾನ್ಸ್‌ಮಿಟರು ಸರಿಯಿದ್ದರೆ ಅದು ಕಣ್ಣು ಕುಕ್ಕಬೇಕು. ಬಲ್ಬಿನ ಒಳಗೆ ಒಂದು ಕೆಂಪು ಗೆರೆ ಮೂಡಿತು, ಅಷ್ಟೆ.

"ಬೀಡಿ ತುದಿ ಇದಕ್ಕಿಂತ ಜೋರಾಗಿ ಉರಿಯುತ್ತೆ!" ಗುಡುಗಿಗೆ ರೇಗಿತು. "ಇಷ್ಟರಲ್ಲೇ ಹನ್ನೆರಡು ವರ್ಷ ಒದ್ದಾಡಿದೀಯಾ? ನನ್ನ ಕರೆಯೋಕೇನಾಗಿತ್ತು ರೋಗ?"

"ಏರಿಯಲ್‌ದೇ ತೊಂದರೆ ಅಂದ್ಕೊಂಡೆ ಮಾರಾಯ. ಕಂಬ ಎತ್ತರಿಸಿದ್ರೆ ಸರಿಹೋಗಬಹುದು ಅಂತ."

ಕಂಬ ಎತ್ತರಿಸಲು ಮೂರನೆಯ ಸಲ ಮಾಳಿಗೆ ಹತ್ತಿದಾಗಲೇ ಅವನು ಬಿದ್ದದ್ದು. ಮೂರು ವರ್ಷವಾಯಿತು. ಕೋಲು ಬಂದದ್ದು ಅಲ್ಲಿಂದ.

ಗುಡುಗು ಸ್ವಿಚ್ಚು ಆರಿಸಿ, ತಂತಿ ಕಟ್ಟಿದ ಕೋಲು ಮುಟ್ಟಿಸಿ, ಮೊದಲನೆಯ ವಾಲ್ವಿನ ತಲೆಯ ಮೇಲಿನ ತಂತಿಯ ಟೊಪ್ಪಿ ತೆಗೆದು ಸ್ವಿಚ್ಚು ಹಾಕಿ ನೋಡಿದ. ಮುಳ್ಳು ಸೊನ್ನೆಗೆ ಬಿತ್ತು. ಆರಿಸಿ, ಟೊಪ್ಪಿ ವಾಪಸು ಹಾಕಿ, ಎರಡನೆಯದರದು ತೆಗೆದು ಸ್ವಿಚ್ಚು ಹಾಕಿದ. ಮುಳ್ಳು ಅಲುಗಾಡಲಿಲ್ಲ. ಪೆನ್ಸಿಲ್ ಚುಕ್ಕಿಯಲ್ಲೇ ಇತ್ತು. ಎರಡನೆಯ ವಾಲ್ವು ಇದ್ದರೂ ಅಷ್ಟೇ, ಹೋದರೂ ಅಷ್ಟೇ ಎಂದಾಯಿತು.

"ಬೆಳಗ್ತಾ ಇದೆ, ಕೆಲಸ ಮಾಡ್ತಿಲ್ಲ. ಅತ್ತಿಗೆ, ಬ್ಯಾಟರಿ ತನ್ನಿ, ಹೊಟ್ಟೆ ಕಡೆ ನೋಡ್ಬೇಕು."

ಪೆಟ್ಟಿಗೆಯನ್ನು ಮಗುಚಿ ಹಾಕಿದರು. ಅವಳು ಬ್ಯಾಟರಿಯ ಬೆಳಕು ಬಿಟ್ಟಳು. ಎರಡನೆಯ ವಾಲ್ವಿನ ಬುಡದಲ್ಲಿ ಇರಬೇಕಾದ ತಂತಿಗಳು ಇರಲಿಲ್ಲ. ಯಾರೋ ಅವನ್ನು ಕತ್ತರಿಸಿ, ತುದಿಗಳನ್ನು ಅಂದವಾಗಿ ಮಡಚಿ, ಮೇಲೆ ಕೊಳವೆ ತೊಡಿಸಿ ಮೂಲೆಗೆ ಒತ್ತಿಟ್ಟಿದ್ದರು. ಉಳಿದದ್ದು ದೀಪ ಬೆಳಗುವ ಎರಡು ತಂತಿ ಮಾತ್ರ. ಇನ್ನೊಂದು ವಾಲ್ವಿನ ಮೇಲೆ ಭಾರ ಬೀಳದಿರಲಿ ಎಂದು ಒಂದು ರೆಸಿಸ್ಟರು ಸೇರಿಸಿ ಅದರ ವೋಲ್ಟೇಜನ್ನೂ ಇಳಿಸಿದ್ದರು. ಕೆಲಸ ತಿಳಿದವನ ಕೆಲಸ, ಅದೇ ಇನ್ನೂ ಅಸಹ್ಯ.

"ಅಯ್ಯೋ ಕಳ್ಳ ನನ್ಮಗನೇ!" ಗುಡುಗಿನ ಗಂಟಲು ಬೀದಿಗೆ ಕೇಳಿಸಿತು. "ನೋಡೋ ಇಲ್ಲಿ! ಯಾವನೋ ಒಳ್ಳೆ ವಾಲ್ವು ಎಗರಿಸಿ, ಸತ್ತಿರೋದನ್ನ ನಿಲ್ಲಿಸಿಹೋಗಿದಾನೆ. ಇವೆರಡರ ದೀಪ ಸರಮಾಲೆ ಇದ್ದಹಾಗೆ, ಒಂದು ಇಲ್ಲದಿದ್ರೆ ಇನ್ನೊಂದೂ ಹತ್ತಲ್ಲ. ಅದಕ್ಕೇ ಹೆಣಾನ ನಿಲ್ಲಿಸಿದಾನೆ, ನೋಡೋರ ಕಣ್ಣಿಗೆ ಎರಡೂ ಉರೀಲಿ ಅಂತ! ಇಂಥವನ ಕೈ ಸೇದಿಹೋಗ! ಆ ಇಲಿ ವಾಸಿ ಕಣೋ ಇವನಿಗಿಂತ, ಅದು ಉಚ್ಚೆ ಹೊಯ್ದು ಸತ್ತಾದ್ರೂ ಹೋಯ್ತು. ಯಾವನೋ ಅವನು? ಯಾರಿಗೆ ಕೊಟ್ಟಿದ್ದೆ ರಿಪೇರಿಗೆ?"

ಬಾವಿ ಗಲಿಬಿಲಿಯಾಗಿ ಹೆಂಡತಿಯ ಮುಖ ನೋಡಿದ.

"ಯಾರಿಗೂ ಕೊಟ್ಟಿಲ್ಲವಲ್ಲ," ಎಂದಳು ಅವಳು. "ನಮ್ಮಣ್ಣ ಹಡಗಲ್ಲಿದ್ದಾಗ ಕಾಲುಚೀಲದೊಳಗೆ ಸುತ್ತಿ ಒಂದು ವಾಲ್ವು ತಂದ್ಕೊಟ್ಟಿದ್ನಲ್ಲ, ಅದನ್ನ ಹಾಕಿಸೋಕೆ ನಿಮ್ಮ ಅಂಗಡಿಗೆ ತಂದಿದ್ರು. ಅಷ್ಟೇ. ನಿಮ್ಮ ಕೈ ಬಿಟ್ರೆ ಇನ್ನೊಬ್ಬರ ಕೈಗೆ ಕೊಡಲ್ಲ ಅಂತ ಇವರದು ಒಂದೇ ಹಟ."

"ಚುಕ್ಕಿ ಹಾಕ್ಕೊಟ್ಟಿದ್ದೂ ನೀನೇ," ಎಂದ ಬಾವಿ. "ಮುಳ್ಳು ಇದಕ್ಕಿಂತ ಮೇಲೆ ಏರಿಸ್ಬೇಡ, ವಾಲ್ವು ಸುಟ್ಟುಹೋಗುತ್ತೆ ಅಂತ. ಅಳಿಸಿಹೋದಾಗೆಲ್ಲ ಅಲ್ಲೇ ಮತ್ತೆ ಇಡ್ತಿದ್ದೆ."

ಗುಡುಗಿನ ಹೆಬ್ಬೆರಳು ಸ್ಪಿರಿಟಿನ ಬಟ್ಟೆ ಹಿಡಿದು ಬುಡದ ಜಿಡ್ಡನ್ನು ಉಜ್ಜುತ್ತಲೇ ಇತ್ತು. ಇಲಿಯ ಕೊಳೆ ಕರಗಿ ಕೆಳಗಿನಿಂದ ಕೆಂಪು ಎದ್ದಿತು. ಉಗುರು ಬಣ್ಣದ ಎರಡು ಚುಕ್ಕಿ, ಅಕ್ಕಪಕ್ಕ. ನಲವತ್ತು ವರ್ಷ ಅವನ ಅಂಗಡಿಯಿಂದ ಹೊರಬಿದ್ದ ಪ್ರತಿಯೊಂದು ಬೆಸುಗೆಯ ಮೇಲೂ ಇದ್ದ ಗುರುತು ಅದು. ತನ್ನ ಹೆಂಡತಿಯ ಬಾಟ್ಲಿಯಿಂದ ಕಡ್ಡಿಯಲ್ಲಿ ಅದ್ದಿ ಇಡುತ್ತಿದ್ದ. "ಎರಡು ಚುಕ್ಕಿ ಇದ್ರೆ ನನ್ನ ಕೆಲಸ, ಕಣ್ಣು ಮುಚ್ಕೊಂಡು ನಂಬಿ" ಎಂದು ಗಿರಾಕಿಗಳಿಗೆ ಎದೆಯುಬ್ಬಿಸಿ ಹೇಳುತ್ತಿದ್ದ.

"ಅದೇನದು ಕೆಂಪಗೆ?" ಅವಳು ಬ್ಯಾಟರಿ ಹತ್ತಿರ ತಂದಳು.

"ತುಕ್ಕು," ಎಂದು ಅವನು ಹೆಬ್ಬೆರಳು ಒತ್ತಿದ.

ಬ್ಯಾಟರಿಯ ಬೆಳಕು ಅವನ ಉಗುರಿನ ಮೇಲೆಯೇ ನಿಂತಿತು. ಹಿಂದಿನಿಂದ ಬಾವಿ ಕೇಳಿದ, "ಯಾರು ಅಂತ ಗೊತ್ತಾಯ್ತೇನೋ?"

"ಅದು... ಅಲ್ಲ ಮಾರಾಯ. ಈಗ ಸರಿಯಾಗಿ ಕಾಣ್ತು. ಇಲಿ. ಇಲಿ ಕಡಿದಿರೋದು."

"ಇಲಿಯಾ? ಹನ್ನೆರಡು ವರ್ಷದ ಹಿಂದೇನೇ?"

"ಇಲಿಗೆ ವಯಸ್ಸು ಕೇಳ್ತಾರೇನಯ್ಯ?"

ಬಾವಿ ನಕ್ಕ. ಮೇಜಿನ ಮೇಲಿನ ದಿನಚರಿ ಪುಸ್ತಕ ಎಳೆದುಕೊಂಡು, ಕನ್ನಡಕ ಏರಿಸಿ, ಅಂದಿನ ತಾರೀಕಿನ ಕೆಳಗೆ ದುಂಡಗೆ ಬರೆದ: ದೋಷ ಸಿಕ್ಕಿತು. ಇಲಿ. ಬಾವಿಯ ಹೆಂಡತಿ ಬ್ಯಾಟರಿ ಆರಿಸಿ ಒಳಗೆ ಹೋದಳು.

"ನನ್ನತ್ರ ಒಂದು ವಾಲ್ವು ಇದೆ, ತರ್ತೀನಿ" ಎಂದಷ್ಟೇ ಹೇಳಿ ಗುಡುಗು ಎದ್ದ.

ಎರಡು ಬೀದಿ ದಾಟುವಷ್ಟರಲ್ಲಿ ಎಲ್ಲ ನೆನಪಿಗೆ ಬಂತು. ನೆನಪಿಗೆ ಬಂತು ಎನ್ನುವುದೂ ಬೂಟಾಟಿಕೆಯೇ. ಪೂರ್ತಿ ಮರೆತದ್ದು ಯಾವಾಗ? ಹನ್ನೆರಡು ವರ್ಷದ ಹಿಂದಿನ ಆ ವಾರ, ಯಾರ ದನಿ ಎಷ್ಟು ದೂರ ಮುಟ್ಟುತ್ತದೆಂಬ ದೇಶವಿದೇಶದವರ ಸ್ಪರ್ಧೆಯಿತ್ತು, ಅವನ ಸ್ವಂತ ಸೆಟ್ಟಿನ ವಾಲ್ವು ಕೈಕೊಟ್ಟಿತ್ತು. ಎರಡೂ ಒಂದೇ ಮಾದರಿಯ ಸೆಟ್ಟು. ಬಾವಿ ತಂದ ಹೊಸ ವಾಲ್ವು ಮೇಜಿನ ಮೇಲೆ ಹೊಳೆಯುತ್ತ ಕೂತಿತ್ತು. ಎರಡು ದಿನಕ್ಕೆ ತಾನೆ, ಸ್ಪರ್ಧೆ ಮುಗಿದ ಮೇಲೆ ಅದನ್ನು ಅವನಿಗೆ ಹಾಕಿಕೊಟ್ಟರಾಯಿತು ಎಂದುಕೊಂಡು ತನ್ನದಕ್ಕೆ ಹಾಕಿಕೊಂಡ, ಕೈಕೊಟ್ಟಿದ್ದನ್ನು ಅವನದರಲ್ಲಿ ನಿಲ್ಲಿಸಿದ. ಸ್ಪರ್ಧೆಯಲ್ಲಿ ಅವನ ದನಿ ಎಲ್ಲಿಗೋ ಹೋಗಿ ಮುಟ್ಟಿತು. ಗುಡುಗು ಎಂದು ಮೊದಲು ಕರೆದದ್ದು ಆಗಲೇ. ಮುಂದಿನ ವಾರ ಹಾಕೋಣ, ಮುಂದಿನ ತಿಂಗಳು ಹಾಕೋಣ ಎಂದು ಎಷ್ಟು ಸಲ ಅಂದುಕೊಂಡನೆಂದರೆ, ಕೊನೆಗೆ ಹಾಕಿಯೇ ಆಯಿತು ಎನ್ನುವ ಹಾಗೆ ಮನಸ್ಸು ಕೈ ತೊಳೆದುಕೊಂಡಿತು. ಅದರ ಮೇಲೆ ಬಿಂದಿಗೆಯ ಜೋಕು ಬೇರೆ. ಪ್ರತಿ ಭಾನುವಾರ. ಗೆಳೆಯ ಕಂಬ ಹಿಡಿದು ಮಾಳಿಗೆ ಹತ್ತುವಾಗಲೂ.

ಗುಡುಗು ಕೈ ಮೂಸಿದ. ಮನೆಗೆ ಹೋಗಿ ಸೋಪು ಹಚ್ಚಿ ಮೂರು ಸಲ ತೊಳೆದ, ನಾತ ಹೋಗಲಿಲ್ಲ.

ತನ್ನ ಸೆಟ್ಟಿನ ಮುಚ್ಚಳ ತೆಗೆದು ಆ ವಾಲ್ವನ್ನು ಹೊರಗೆಳೆದ. ಹೆಚ್ಚೆಂದರೆ ವಾರಕ್ಕೆ ಎರಡು ಗಂಟೆ ಉರಿದದ್ದು, ಇನ್ನೂ ಗಟ್ಟಿಯಾಗಿತ್ತು. ಬುಡವನ್ನು ಬೆಳಕಿಗೆ ಹಿಡಿದರೆ ಸೂಜಿಯಲ್ಲಿ ಗೀರಿದ ಒಂದು ತಾರೀಕು, ಅದರ ಕೆಳಗೆ "ಭಾವ ತಂದದ್ದು". ಬಾವಿಯ ದುಂಡು ಅಕ್ಷರ. ಗುಡುಗು ಅದನ್ನು ತುಂಬ ಹೊತ್ತು ನೋಡಿದ. ಆಮೇಲೆ ಬ್ಲೇಡು ತೆಗೆದುಕೊಂಡು ಹೆರೆಯತೊಡಗಿದ. ಹೆರೆದು, ಊದಿ, ಮತ್ತೆ ಹೆರೆದ. ಅಕ್ಷರ ಪೂರ್ತಿ ಹೋಯಿತು.

ಸಂಜೆಯೊಳಗೆ ಬಾವಿಯ ಸೆಟ್ಟಿಗೆ ತಂತಿಗಳನ್ನೆಲ್ಲ ಮರಳಿ ಬೆಸೆದ, ರೆಸಿಸ್ಟರು ಕಿತ್ತ, ವಾಲ್ವು ಕೂರಿಸಿದ. ಕೆಂಪು ಚುಕ್ಕಿಗಳನ್ನು ಉಗುರಿನಲ್ಲಿ ಕೆರೆದು ತೆಗೆದ, ಹೊಸದು ಇಡಲಿಲ್ಲ. ಸ್ವಿಚ್ಚು ಒತ್ತಿದಾಗ ಮುಳ್ಳು ಪೆನ್ಸಿಲ್ ಚುಕ್ಕಿಯನ್ನು ದಾಟಿ ನೆಗೆಯಿತು. ಬಲ್ಬು ಭಗ್ಗನೆ ಹತ್ತಿ ಕೋಣೆಯ ಮೂಲೆ ಮೂಲೆಯೂ ಬೆಳಗಿತು.

"ಇಷ್ಟೊಂದಾ!" ಬಾವಿಯ ಕಣ್ಣಲ್ಲಿ ನೀರು ಬಂತು. ಕೋಲು ಬಿಟ್ಟು ಗುಡುಗಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. "ಇಂಥ ವಾಲ್ವು ಈಗ ಹುಡುಕಿದ್ರೂ ಸಿಗಲ್ಲ ಕಣೋ. ನಿನ್ನ ಸೆಟ್ಟಿಂದೇ ಕಿತ್ಕೊಂಡು ಬಂದಿದೀಯ ತಾನೆ? ನಂಗೊತ್ತು, ನೀನು ಹೇಳಲ್ಲ. ಈ ಋಣ ಹೇಗಯ್ಯ ತೀರಿಸ್ಲಿ?"

"ಕೈ ಬಿಡು ಮಾರಾಯ," ಎಂದ ಗುಡುಗು. "ಗಬ್ಬು ನಾರ್ತಾ ಇದೆ."

ಮನೆಗೆ ಹೋಗಿ ತನ್ನ ಸೆಟ್ಟಿನ ಎರಡನೆಯ ಬುಡದ ತಂತಿಗಳನ್ನು ಕತ್ತರಿಸಿದ, ತುದಿ ಮಡಚಿ ಕೊಳವೆ ತೊಡಿಸಿದ, ಬಾವಿಯ ಸೆಟ್ಟಿನಿಂದ ಕಿತ್ತ ಆ ಸತ್ತ ವಾಲ್ವನ್ನು ತಂದು ನಿಲ್ಲಿಸಿದ. ಉಳಿದದ್ದು ಅವನದೇ ಒಂದು ಮುದಿ ವಾಲ್ವು, ಅದು ಸುಟ್ಟುಹೋಗದಿರಲೆಂದು ವೋಲ್ಟೇಜನ್ನೂ ಇಳಿಸಿದ. ಕೈಗೆ ಎಲ್ಲ ನೆನಪಿತ್ತು.

ಭಾನುವಾರ ಎಂಟಕ್ಕೆ ಕೂಟದ ಹಿರಿಯ ಹಾಜರಿ ಹಿಡಿದ. ಎಲ್ಲರೂ ಅವನನ್ನು ಹೆಡ್‌ಮಾಸ್ಟರ್ ಎನ್ನುತ್ತಿದ್ದರು. ಬಾವಿಯ ಸರದಿ ಬಂತು. "ಬಾವಿ ಇದ್ದರೆ ಗುಡುಗು ದಾಟಿಸಲಿ," ಎಂದ ಎಂದಿನಂತೆ.

"ದಾಟಿಸೋದು ಬೇಡ ಹೆಡ್‌ಮಾಸ್ಟ್ರೇ, ನಾನೇ ಬಂದೆ."

ಒಟ್ಟಿಗೇ ನಾಲ್ಕು ಜನ ನುಗ್ಗಿದರು. ಯಾರ್ರೀ ಅದು? ಬಾವಿಯಾ? ಸುಳ್ಳು! ನಿಮ್ಮ ಗಂಟಲು ಹೀಗಿದೆ ಅಂತ ಇವತ್ತೇ ಗೊತ್ತಾಗಿದ್ದು ಮಾರಾಯ್ರೆ! ಹೊಸಬನೊಬ್ಬ ಬಾವಿಯ ನಗುವನ್ನು ಮೊದಲ ಸಲ ಕೇಳಿ ತಾನೂ ನಕ್ಕ. ಬಾವಿ ಹೇಳುತ್ತಲೇ ಹೋದ: ನಾಳೆ ಮನೆ ಖಾಲಿ, ಇದೇ ಕೊನೆ, ಇಲಿ ಕಡಿದಿತ್ತಂತೆ, ತನ್ನ ಸೆಟ್ಟಿನ ಹೊಟ್ಟೆ ಬಗೆದು ವಾಲ್ವು ತಂದು ಹಾಕಿದಾನೆ ಗುಡುಗು, ಒಡಹುಟ್ಟಿದವರೂ ಹೀಗೆ ಮಾಡಲ್ಲ.

ಗುಡುಗು ತನ್ನ ಕೋಣೆಯಲ್ಲಿ ಕೂತು ಕೇಳುತ್ತಿದ್ದ. ಕೈ ಮೈಕಿನ ಮೇಲಿತ್ತು.

"ಗುಡುಗು, ಬನ್ನಿ," ಎಂದ ಹೆಡ್‌ಮಾಸ್ಟರ್. "ನಿಮಗೆ ಎಲ್ಲರ ಪರವಾಗಿ ಒಂದು ಶಹಭಾಸ್. ಓವರ್."

ಅವನು ಗುಂಡಿ ಒತ್ತಿ ಮಾತಾಡಿದ.

"ಏನೂ ಕೇಳಿಸ್ಲಿಲ್ಲ. ಯಾರೋ ತಳದಲ್ಲಿ ಗೊಣಗಿದ ಹಾಗಾಯ್ತು. ಗುಡುಗೇನಾ ಅದು?"

ಮತ್ತೆ ಒತ್ತಿದ. ಮತ್ತೆ ಗೊಣಗು. ಯಾರೋ "ಬಾವಿ ಖಾಲಿ ಆಯ್ತು ಅಂತ ಗುಡುಗಣ್ಣ ಇಳಿದುಬಿಟ್ರಾ?" ಎಂದರು. ನಗೆ ಎದ್ದಿತು. ಅದರ ಮೇಲೆ ಬಾವಿಯ ದನಿ ನಿಚ್ಚಳವಾಗಿ ಬಂತು:

"ನಗಬೇಡಿ. ಅವನ ವಾಲ್ವು ನನ್ನತ್ರ ಇದೆ, ಅದಕ್ಕೇ ಹೀಗೆ. ನಂಗೆ ಕೇಳುತ್ತೆ, ಎರಡೇ ಬೀದಿ. ಹೇಳೋ, ನಾನು ದಾಟಿಸ್ತೀನಿ. ಓವರ್."

ಗುಡುಗು ಹೇಳಿದ. ಬೇಗ ಬೇಗ ಹೇಳಿದ, ನಿಲ್ಲಿಸಿದರೆ ಮತ್ತೆ ಇಲಿಯ ಹೆಸರು ಬಾಯಿಗೆ ಬರುತ್ತದೆಂಬ ಹೆದರಿಕೆಗೆ. ಎಲ್ಲ ಸೇರಿ ಒಂದು ನಿಮಿಷವೂ ಆಗಲಿಲ್ಲ. ಗುಂಡಿ ಬಿಟ್ಟ.

ಬಾವಿಯ ಸೆಟ್ಟು ಗಾಳಿಗೆ ಬಂತು, ಆದರೆ ಮಾತು ಬರಲಿಲ್ಲ. ಒಂದು ಕುರ್ಚಿ ಕಿರುಗುಟ್ಟಿತು. ದೂರದಲ್ಲಿ ಹೆಂಗಸಿನ ದನಿ ಏನೋ ಕೇಳಿತು.

"ಹಲೋ ಬಾವಿ, ಏನಂತೆ?" ಎಂದ ಹೆಡ್‌ಮಾಸ್ಟರ್, ಸೆಟ್ಟು ಒಂದು ಸಲ ಆರಿದಾಗ.

"ದಾಟಿಸ್ತಿದ್ದೀನಿ," ಎಂದ ಬಾವಿ. ದನಿಯಲ್ಲಿ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ. "ಹೇಳಿದ್ದು ಹೇಳಿದ ಹಾಗೆ. 'ಹನ್ನೆರಡು ವರ್ಷದ ಹಿಂದೆ ಬಾವಿಯ ಹೊಸ ವಾಲ್ವನ್ನ ಕದ್ದು ನನ್ನ ಸೆಟ್ಟಿಗೆ ಹಾಕ್ಕೊಂಡೆ. ಅವನದಕ್ಕೆ ಸತ್ತಿದ್ದನ್ನ ನಿಲ್ಲಿಸಿದೆ. ನಿನ್ನೆ ಕೊಟ್ಟಿದ್ದು ಅವನದೇ ವಾಲ್ವು. ಅದರ ಮೇಲೆ ಅವನು ಬರೆದಿದ್ದನ್ನೂ ಹೆರೆದು ಕೊಟ್ಟೆ. ಇಲಿ ಅಂದಿದ್ದು ಸುಳ್ಳು. ಅವನು ಮಾಳಿಗೆಯಿಂದ...'" ಇಲ್ಲಿ ನಿಂತ. ಉಸಿರು ಎಳೆದದ್ದು ಎಲ್ಲರಿಗೂ ಕೇಳಿಸಿತು. "'ಅವನು ಮಾಳಿಗೆಯಿಂದ ಬಿದ್ದಿದ್ದು ನನ್ನಿಂದ. ನಾನು ಹೇಸಿಗೆ ನನ್ಮಗ.' ಅವನು ಹೇಳಿದ್ದು ಇಷ್ಟು. ನಾನೇನೂ ಕೂಡಿಸಿಲ್ಲ, ಏನೂ ಬಿಟ್ಟಿಲ್ಲ. ಓವರ್."

ಗಾಳಿಯಲ್ಲಿ ಬರೀ ಸುಯ್ಯೆನ್ನುವ ಸದ್ದು. ಕೊನೆಗೆ ಹೆಡ್‌ಮಾಸ್ಟರ್ ಗಂಟಲು ಸರಿಮಾಡಿಕೊಂಡು, ಬೇರೇನೂ ತೋಚದೆ, ನಿಯಮದಂತೆ ಕೇಳಬೇಕಾದ್ದನ್ನೇ ಕೇಳಿದ. "ಗುಡುಗು, ನಿಮ್ಮ ಮಾತು ಸರಿಯಾಗಿ ದಾಟಿತೇ?"

"ದಾಟಿತು," ಎಂದ ಗುಡುಗು.

"ದಾಟಿತು ಅಂತಿದ್ದಾನೆ," ಎಂದ ಬಾವಿ. "ನಾನಿನ್ನು ಹೋಗ್ಬರ್ತೀನಿ ಎಲ್ಲರಿಗೂ." ಅವನ ಸೆಟ್ಟು ಆರಿತು.

ಹಾಜರಿ ಮುಂದಿನವರಿಗೆ ಹೋಯಿತು. ಗುಡುಗು ಮೈಕು ಕೆಳಗಿಟ್ಟು ತೆರೆದಿದ್ದ ಸೆಟ್ಟಿನ ಕಡೆ ನೋಡಿದ. ಎರಡು ವಾಲ್ವುಗಳೂ ಕೆಂಪಗೆ ಉರಿಯುತ್ತಿದ್ದವು. ಎರಡನೆಯದರ ಗಾಜಿನ ಹತ್ತಿರ ಅಂಗೈ ಹಿಡಿದು ನೋಡಿದ. ಅದೂ ಬಿಸಿಯಾಗಿಯೇ ಇತ್ತು.